ಪಿಯಾನೋಗೆ ಗಾಳಿ ಹಾಕಿದ್ದು

ಪಿಯಾನೋ ಎಂದರೆ ಏನು ಮಹಾ! ಹಾರ್ಮೋನಿಯಂನಲ್ಲಿರುವ ಕಪ್ಪು ಬಿಳಿ ಮನೆಗಳೇ ಅದರಲ್ಲೂ ಇವೆ. ಸ್ವಲ್ಪ ಉದ್ದಕ್ಕೆ ಜೋಡಿಸಿದ್ದಾರೆ, ಅಷ್ಟೆ. ವಿಶ್ವವಿದ್ಯಾನಿಲಯದ ಸಂಗೀತ ಶಾಲೆಯಲ್ಲಿ ಪಿಯಾನೋ ವಾದನಕ್ಕೆ ಎಂ.ಎ. ತರಗತಿ ತೆರೆದಿದ್ದಾರೆಂದು ಪತ್ರಿಕೆಯಲ್ಲಿ ಓದಿದ ದಿನವೇ ನಾನು ಹೀಗೆ ತೀರ್ಮಾನಿಸಿಬಿಟ್ಟೆ. ಅರವತ್ತರ ದಶಕದ ಮಾತು. ಬಿ.ಎ. ಮಾಡಿಯೂ ನಾನು ಹೊಳೆನರಸೀಪುರದಲ್ಲಿದ್ದುಕೊಂಡು ಸುತ್ತಲಿನ ಹಳ್ಳಿಗಳ ನಾಟಕಗಳಿಗೆ ಕಾಲು ಹಾರ್ಮೋನಿಯಂ ತುಳಿಯುತ್ತಿದ್ದೆ. ಸಾಕು ಸಾಕಾಗಿತ್ತು. ಈ ಸೀಟು ಸಿಕ್ಕರೆ ಮುಂದೆ ನಾನು ಲೆಕ್ಚರರ್! ಅಂದಿನಿಂದ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

“ಆ ಪಿಯಾನೋನ ಒಂದ್ಸಲನಾದ್ರೂ ಕಣ್ಣಲ್ಲಿ ನೋಡಿದೀರೇನ್ರೀ?” ಎಂದಳು ಹೆಂಡತಿ ಜಾನಕಿ.

“ಚಿತ್ರದಲ್ಲಿ ನೋಡಿದೀನಿ ಕಣೇ. ಕೆಳಗೆ ತುಳಿಯೋದೂ ಇದೆ. ನಮ್ಮ ಪೆಟ್ಟಿಗೆಗೆ ಅಣ್ಣ ಆಗ್ಬೇಕು ಅದು!”

“ಹಂಗಾದ್ರೆ ಸೀಟು ಸಿಗೋವರ್ಗೂ ಬಾಯಿ ಮುಚ್ಕೊಂಡಿರಿ.”

ನಾನು ಮುಚ್ಚಿಕೊಂಡಿರಲಿಲ್ಲ. ಕಟ್ಟಾಯ ಎಂಬ ಹಳ್ಳಿಯ ನಾಟಕ ಮಂಡಳಿಯವರಿಂದ ಹಾರ ಹಾಕಿಸಿಕೊಂಡು, ಬೀಳ್ಕೊಡುಗೆಯ ಭಾಷಣ ಬಿಗಿದು, ಆ ಆವೇಶದಲ್ಲಿ ನನ್ನ ಹಾರ್ಮೋನಿಯಂ ಪೆಟ್ಟಿಗೆಯನ್ನೇ ಮಂಡಳಿಗೆ ದಾನ ಮಾಡಿಬಿಟ್ಟೆ. ದುರ್ಯೋಧನನ ಪಾತ್ರ ಮಾಡುತ್ತಿದ್ದ ನಿಂಗೇಗೌಡರು ಕಣ್ಣೊರೆಸಿಕೊಂಡು, “ಓಗ್ಬನ್ನಿ ಮೇಷ್ಟ್ರೇ, ನಾವೆಂಗೋ ಆಡ್ಕತೀವಿ” ಎಂದರು.

ಪ್ರವೇಶ ಪರೀಕ್ಷೆಯ ದಿನ ಪಿಯಾನೋದ ಮುಂದೆ ಕೂತೆ. ಎದುರಿಗೆ ಮೇಜಿನ ಹಿಂದೆ ಮೂವರು ಪರೀಕ್ಷಕರು. ಗಂಭೀರವಾಗಿ ಒಂದು ಷಡ್ಜ ಒತ್ತಿ ಹಿಡಿದೆ. ಟಣ್ ಎಂದಿತು. ಆಮೇಲೆ ಸತ್ತುಹೋಯಿತು!

ಕಾಲು ಹಾರ್ಮೋನಿಯಂನಲ್ಲಿ ಸ್ವರ ಸಣ್ಣಗಾದರೆ ಗಾಳಿ ಸಾಲದೆಂದು ಅರ್ಥ. ತುಳಿದೆ. ಏನೂ ಆಗಲಿಲ್ಲ. ಎರಡೂ ಕಾಲಲ್ಲಿ ಜೋರಾಗಿ ತುಳಿದೆ. ಸ್ವರ ಬರಲಿಲ್ಲ, ಬದಲಿಗೆ ಪಿಯಾನೋವೇ ಹೊರಟಿತು! ಅದರ ಕಾಲಿಗೆ ಗಾಲಿಗಳಿದ್ದದ್ದು ಚಿತ್ರದಲ್ಲಿ ಕಂಡಿರಲಿಲ್ಲ. ಪರದೆ ಹರಿದು ಬಿದ್ದರೂ ಪೆಟ್ಟಿಗೆ ನಿಲ್ಲಿಸಬಾರದೆಂಬುದು ನಾಟಕದ ಮೇಷ್ಟ್ರ ಧರ್ಮ. ನಾನು ಸ್ಟೂಲು ಎಳೆದುಕೊಳ್ಳುತ್ತಾ, ನುಡಿಸುತ್ತಾ, ತುಳಿಯುತ್ತಾ ಅದರ ಹಿಂದೆಯೇ ಹೋದೆ. ಪಿಯಾನೋ ಪರೀಕ್ಷಕರ ಮೇಜಿಗೆ ಢಿಕ್ಕಿ ಹೊಡೆದು ನಿಂತಿತು. ಮಸಿ ಬುಡ್ಡಿ ಉರುಳಿತು.

ಹಿರಿಯ ಪರೀಕ್ಷಕರು ತಮ್ಮ ಬಿಳಿ ಪ್ಯಾಂಟಿನ ಮೇಲೆ ಹರಡುತ್ತಿದ್ದ ಮಸಿಯನ್ನು ನೋಡುತ್ತಾ, “ಇದಕ್ಕೆ ಗಾಳಿ ಹಾಕೋದು ಬೇಡ ಸ್ವಾಮಿ” ಎಂದರು. “ನೀವೇ ಸ್ವಲ್ಪ ಹೊರಗೆ ಹೋಗಿ ಗಾಳಿ ತಗೊಳ್ಳಿ.”

ತೆಗೆದುಕೊಂಡೆ. ನಮ್ಮೂರ ಮೇಲೆ ಹೋಗುವ ಹಾಸನದ ಬಸ್ಸಿನ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ತೆಗೆದುಕೊಂಡೆ. ನಾಚಿಕೆಗೆ ಮುಖ ಮುಚ್ಚಿಕೊಳ್ಳೋಣವೆಂದರೆ ಪಕ್ಕದವರು ವಾಂತಿ ಬರುತ್ತಿದೆಯೇ ಎಂದು ಕೇಳುತ್ತಿದ್ದರು.

ಲೆಕ್ಚರರ್ ಗಿರಿ ಹೋಗಲಿ, ಮನೆಯಲ್ಲಿ ಒಲೆ ಉರಿಯಬೇಕಲ್ಲ! ಒಂದು ವಾರ ಚಡಪಡಿಸಿ, ಕೊನೆಗೆ ಕಟ್ಟಾಯಕ್ಕೆ ಹೋದೆ. ಹಾರ ಹಾಕಿಸಿಕೊಂಡ ಜಾಗದಲ್ಲೇ ನಿಂತು ತಲೆ ಕೆರೆದುಕೊಂಡೆ. ನಾನಿಲ್ಲದೆ ನಾಟಕವೇ ನಿಂತಿರುತ್ತದೆ, ಕಾಲಿಗೆ ಬೀಳುತ್ತಾರೆ ಎಂಬ ಸಣ್ಣ ಆಸೆ ಇನ್ನೂ ಉಳಿದಿತ್ತು.

“ನಾಟ್ಕ ಆಡಿದ್ರಾ ಗೌಡರೇ?”

“ಆಡುದ್ವಿ ಸಾ! ಪೆಟ್ಗೆ ಮುಟ್ದಂಗೇ ಆಡುದ್ವಿ. ಇಷ್ಟು ವರ್ಸ ಆದ್ಮ್ಯಾಕೆ ನಮ್ಮೂರ್ನೋರಿಗೆ ದುರ್ಯೋಧನ ಏನಂತಾನೆ ಅಂತ ಈಗ ಕೇಳುಸ್ತು ಕಣ್ ಸಾ!”

“ಅಲ್ಲ… ಆ ಪೆಟ್ಟಿಗೆ… ನಿಮಗೆ ಬೇಡ ಅಂದ್ರೆ…”

ನಾನು ಮಾತು ಮುಗಿಸುವಷ್ಟರಲ್ಲಿ, ದುರ್ಯೋಧನ ಮತ್ತು ಭೀಮ ವೈರ ಮರೆತು ಪೆಟ್ಟಿಗೆಯನ್ನು ಗಾಡಿಗೆ ಏರಿಸಿಯಾಗಿತ್ತು!