ಅಕ್ಟೋಬರ್ ತಿಂಗಳ ಫೋನು

ಎಲ್ಲ ರಾಮಾಯಣವೂ ಶುರುವಾದದ್ದು ಒಂದು ಹೆಚ್ ಅಕ್ಷರದಿಂದ. ಮಿಸಾಕಿ ಹೆರನ್ಸ್ ಬೇಸ್‌ಬಾಲ್ ತಂಡದ ಆಟಗಾರ ಓಯಾಮನ ಅಂಗಿಯ ಬೆನ್ನಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಹೊಲಿಸುವಾಗ ಆಫೀಸಿನ ನಿಶಿವಾಕಿ ಅದನ್ನು ಬಿಟ್ಟಿದ್ದ. ಹೆಚ್ ಇದ್ದರೆ ಓಯಾಮ, ಅಂದರೆ ಅವರ ಭಾಷೆಯಲ್ಲಿ ದೊಡ್ಡ ಬೆಟ್ಟ. ಇಲ್ಲದಿದ್ದರೆ ಒಯಾಮ, ಸಣ್ಣ ಬೆಟ್ಟ. ಮೊಮ್ಮಗ ಇಡೀ ಸೀಸನ್ ಸಣ್ಣ ಬೆಟ್ಟವಾಗಿ ಓಡಾಡಿದ್ದನ್ನು ಟಿವಿಯಲ್ಲಿ ನೋಡಿದ ಅಜ್ಜ, ತಂಡದ ಅಧ್ಯಕ್ಷರ ಮನೆಗೇ ಹೋಗಿ ಕೂಗಾಡಿ ಬಂದಿದ್ದರು.

ಮ್ಯಾನೇಜರ್ ತೋಯೊಶಿಮಾ ನಿಶಿವಾಕಿಯನ್ನು ಕರೆದರು. “ಈ ಸಲ ಒಬ್ಬೊಬ್ಬರನ್ನೂ ಬಾಯ್ಬಿಟ್ಟು ಕೇಳ್ರೀ, ಹೆಸರು ಹೇಗೆ ಬರೀಬೇಕು ಅಂತ. ಸಂಜೆಯೊಳಗೆ ಹೊಲಿಗೆಯವರ ಕೈ ಸೇರ್ಬೇಕು. ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ಮುಂದಿನ ವರ್ಷ ನೀವು ಇಲ್ಲಿರಲ್ಲ.”

ನಿಶಿವಾಕಿಯದು ವರ್ಷಕ್ಕೊಮ್ಮೆ ಮುಂದುವರಿಸುವ ನೌಕರಿ. ಹಳೆಯ ಕಂಪನಿ ಮುಚ್ಚಿಹೋಗಿ ಕಳೆದ ನವೆಂಬರಿನಲ್ಲಷ್ಟೇ ಇಲ್ಲಿಗೆ ಬಂದಿದ್ದ. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಏನೇ ಆಗಲಿ, ಈ ಕೆಲಸ ಉಳಿಸಿಕೊಳ್ಳಲೇಬೇಕು ಎಂದು ಅಂಗಿಯ ತೋಳೇರಿಸಿಕೊಂಡು ಫೋನ್ ಎತ್ತಿದ.

ಮೊದಲು ಸಿಕ್ಕಿದ್ದು ತಂಡದ ಹಿರಿಯ ಕ್ಯಾಚರ್ ಒಗುರಿಯ ಮನೆಯ ಆನ್ಸರಿಂಗ್ ಮಶೀನ್. “ತಂಡದ ಆಫೀಸಿನಿಂದ, ಸ್ವಲ್ಪ ಮಾತಾಡೋದಿತ್ತು” ಎಂದು ಹೇಳಿಟ್ಟ. ಆಮೇಲೆ ಚೆಂಡೆಸೆಯುವ ಪಿಚರ್ ಹೊಸಾಕಾ.

“ನಮಸ್ಕಾರ, ತಂಡದ ಆಫೀಸಿಂದ ಮಾತಾಡ್ತಿದೀನಿ...”

ಆ ಕಡೆ ಪಾತ್ರೆ ಬಿದ್ದ ಸದ್ದು. ಹಿಂದೆಯೇ ಹೆಂಗಸಿನ ಅಳು. “ಅವ್ರು ಮನೇಲಿಲ್ಲ! ದಯವಿಟ್ಟು ಇನ್ನೊಂದೇ ಒಂದು ವರ್ಷ ನೋಡ್ರಿ!”

ಮುಂದಿನವನು ಮಾತಾಡಲೂ ಬಿಡಲಿಲ್ಲ. “ನೀವೇನೂ ಹೇಳ್ಬೇಡಿ, ನಂಗೆ ಗೊತ್ತು. ಅಪ್ಪನ ಮೀನಂಗಡಿ ನೋಡ್ಕೋತೀನಿ. ಇಷ್ಟು ದಿನ ಅನ್ನ ಹಾಕಿದ್ರಿ, ದೊಡ್ಡ ಉಪಕಾರ.” ಫೋನ್ ಕಟ್ಟಾಯಿತು. ಅಲ್ಲಿಂದ ಮುಂದೆ ಯಾರೊಬ್ಬರೂ ಎತ್ತಲೇ ಇಲ್ಲ.

ಪಕ್ಕದ ಮೇಜಿನಲ್ಲಿ ಟಿಕೆಟ್ ವಿಭಾಗದ ಫುಕಾಯಾ ಇದ್ದಳು. ಟಿಕೆಟ್ ಮಾರುವುದಕ್ಕಿಂತ ಇನ್ನೊಬ್ಬರ ಫೋನ್ ಕೇಳಿಸಿಕೊಳ್ಳುವುದರಲ್ಲೇ ಅವಳಿಗೆ ಹೆಚ್ಚು ಶ್ರದ್ಧೆ. “ನಿಮಗೇನು ತಲೆ ಕೆಟ್ಟಿದ್ಯೇನ್ರೀ? ಅಕ್ಟೋಬರ್ ಮೊದಲ್ನೇ ವಾರ, ತಂಡ ಬೇರೆ ಕೊನೇ ಸ್ಥಾನದಲ್ಲಿದೆ. ಈಗ ಆಫೀಸಿಂದ ಫೋನ್ ಬಂದ್ರೆ ಏನರ್ಥ? ನಾಳೆ ಸೂಟ್ ಹಾಕ್ಕೊಂಡು ಬನ್ನಿ ಅಂತ. ಬಂದ್ರೆ, ಮುಂದಿನ ವರ್ಷ ನೀವು ಬೇಡ ಅಂತ ತಲೆಬಾಗಿ ಕಳಿಸ್ತಾರೆ. ಈ ಸಲ ತಂಡಾನೇ ಹೊಸದಾಗಿ ಕಟ್ತಾರೆ ಅಂತ ಪೇಪರ್‌ನಲ್ಲೆಲ್ಲ ಬಂದಿದೆ. ಅವರ ಪಾಲಿಗೆ ನೀವೀಗ ಯಮದೂತ!”

ನಿಶಿವಾಕಿ ತಲೆ ಚಚ್ಚಿಕೊಂಡ. ಆದರೂ ಕೈಬಿಡುವ ಜಾತಿಯವನಲ್ಲ. ಸೈಕಲ್ ಹತ್ತಿ ಆಟಗಾರರ ಹಾಸ್ಟೆಲಿಗೆ ಹೊರಟ.

ಬಾಗಿಲಲ್ಲೇ ಅಡುಗೆಯ ಶಿಗೆ ಅಜ್ಜಿ ಸೌಟು ಹಿಡಿದು ಅಡ್ಡ ನಿಂತಳು. “ಹುಡುಗ್ರು ಊಟಕ್ಕೆ ಕೂರೋ ಹೊತ್ತಿಗೇ ಹೊಟ್ಟೆ ಮೇಲೆ ಹೊಡಿಯೋಕೆ ಬಂದ್ಯಾ?”

“ಇಲ್ಲಮ್ಮ, ಬರೀ ಹೆಸರು ಬರ್ಕೊಂಡು ಹೋಗ್ತೀನಿ.”

“ಹೆಸರು ಬರ್ಕೊಂಡು ಹೋಗೋರು ಆಮೇಲೆ ಏನ್ಮಾಡ್ತಾರೆ ಅಂತ ನಂಗೊತ್ತಿಲ್ವಾ!”

ಸೌಟಿನ ಒಂದೇಟು ಭುಜಕ್ಕೆ ಬಿತ್ತು. ಅವನು ಬಗ್ಗಿ ಒಳನುಗ್ಗಿದ. ಅಷ್ಟರಲ್ಲಿ ಊಟದ ಮನೆ ಖಾಲಿ. ಸೂಪಿನ ಬಟ್ಟಲುಗಳಲ್ಲಿ ಇನ್ನೂ ಹಬೆಯಾಡುತ್ತಿತ್ತು. ಓಯಾಮ ಸ್ನಾನದ ಮನೆಗೆ ಹೊಕ್ಕು ಚಿಲಕ ಹಾಕಿಕೊಂಡಿದ್ದ.

ನಿಶಿವಾಕಿ ಬಾಗಿಲು ಬಡಿದ. “ಓಯಾಮ ಸಾನ್! ಹೆಚ್ ಬೇಕೋ ಬೇಡ್ವೋ? ಅಷ್ಟು ಹೇಳಿಬಿಡಿ, ಸಾಕು!”

ಒಳಗೆ ನಲ್ಲಿ ನಿಂತಿತು. “ಯಾವುದಕ್ಕೆ?”

“ಅಂಗಿ ಬೆನ್ನಿಗೆ!”

“ಮುಂದಿನ ವರ್ಷದ ಅಂಗಿಗಾ?”

“ಮುಂದಿನ ವರ್ಷದ್ದಕ್ಕೇ!”

ಬಾಗಿಲು ತೆರೆಯಿತು. ಟವೆಲ್ ಸುತ್ತಿಕೊಂಡಿದ್ದ ಓಯಾಮ ಒದ್ದೆ ಮೈಯಲ್ಲೇ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟ. “ಬೇಕು ನಿಶಿವಾಕಿ ಸಾನ್, ಹೆಚ್ ಬೇಕು!” ಎಂದವನೇ ಮಹಡಿಯ ಕಡೆ ಕೂಗಿದ. “ಲೋ, ಬನ್ರೋ! ಇವರು ಯಮದೂತ ಅಲ್ಲ, ಅಂಗಿಯವರು!”

ಬೀರುವಿನೊಳಗಿಂದ, ಹಾಸಿಗೆಯ ರಾಶಿಯ ಕೆಳಗಿನಿಂದ ಹುಡುಗರು ಒಬ್ಬೊಬ್ಬರಾಗಿ ಹೊರಬಂದು ಸಾಲು ನಿಂತರು. ಹಾಸ್ಟೆಲಿನಲ್ಲಿರದೆ ತಮ್ಮ ಮನೆಯಲ್ಲಿದ್ದ ಆಟಗಾರರಿಗೆ ಓಯಾಮನೇ ಫೋನ್ ಹಚ್ಚಿದ. “ನಿಶಿವಾಕಿ ಸಾನ್ ಫೋನ್ ಮಾಡಿದ್ರೆ ಹೆದರ್ಬೇಡ್ರೋ, ಧೈರ್ಯವಾಗಿ ಎತ್ತಿ.” ಹೊತ್ತಿಳಿಯುವುದರೊಳಗೆ ಒಗುರಿ ಒಬ್ಬರನ್ನು ಬಿಟ್ಟು ಎಲ್ಲರ ಹೆಸರೂ ಸಿಕ್ಕಿತ್ತು.

ಒದ್ದೆ ಅಂಗಿಯಲ್ಲೇ ಆಫೀಸಿಗೆ ಮರಳಿದರೆ, ಅಲ್ಲಿ ಒಗುರಿ ಕೂತಿದ್ದರು. ಮೈಮೇಲೆ ಕಪ್ಪು ಸೂಟು, ಕೈಯಲ್ಲಿ ಸಿಹಿಯ ಡಬ್ಬಿ.

“ಒಗುರಿ ಸಾನ್, ಅದು ಹಾಗಲ್ಲ! ನಾನು ಬರೀ ಸ್ಪೆಲಿಂಗ್ ಕೇಳೋಕೆ...”

“ನೋವಾಗ್ದೇ ಇರ್ಲಿ ಅಂತ ಸುತ್ತಿಬಳಸಿ ಹೇಳ್ಬೇಡಪ್ಪ” ಎಂದು ಒಗುರಿ ಎದ್ದು ನಿಂತರು. “ನಲವತ್ತು ದಾಟಿದೆ. ಮಂಡಿ ಎರಡೂ ಹೋಗಿವೆ. ನೀನು ಕರೆದದ್ದು ಒಳ್ಳೇದೇ ಆಯ್ತು.” ಸೊಂಟ ಬಗ್ಗಿಸಿ ನಮಸ್ಕರಿಸಿದರು. ನಿಶಿವಾಕಿ ತೋಳು ಹಿಡಿದು ಎಳೆಯುತ್ತಿದ್ದರೂ ಕೇಳದೆ ಹೊರಗೆ ಹೋಗಿ, ಗೇಟಿನಲ್ಲಿ ಕಾದಿದ್ದ ಪತ್ರಕರ್ತರ ಮುಂದೆ ನಿವೃತ್ತಿ ಘೋಷಿಸಿಯೇಬಿಟ್ಟರು.

ಊರಿಗೆ ಊರೇ ಪೂಜಿಸುವ ಆಟಗಾರನನ್ನು ಒಂದು ಫೋನಿನಲ್ಲಿ ಮನೆಗೆ ಕಳಿಸಿಯಾಗಿತ್ತು. ತನ್ನ ಕತೆ ಮುಗಿಯಿತು ಎಂದುಕೊಂಡ ನಿಶಿವಾಕಿ. ತೋಯೊಶಿಮಾ ಓಡೋಡಿ ಬಂದರು. ಬಂದವರೇ ಅವನ ಎರಡೂ ಕೈ ಹಿಡಿದುಕೊಂಡರು.

“ಎಂಥಾ ಗಟ್ಟಿಗ ಕಣ್ರೀ ನೀವು! ಹೊಸ ತಂಡ ಕಟ್ಬೇಕಾದ್ರೆ ಒಗುರಿ ಮೊದಲು ಹೋಗ್ಬೇಕಿತ್ತು. ಹೇಳೋಕೆ ನಮಗ್ಯಾರಿಗೂ ಬಾಯೇ ಬರ್ತಿರ್ಲಿಲ್ಲ. ನಿಮ್ಮ ಕೆಲಸ ಖಾಯಂ! ಹೆಸರು ಹೊಲಿಸೋದನ್ನ ಫುಕಾಯಾಗೆ ಕೊಡಿ. ಇವತ್ತಿಂದ ನೀವು ಹೊಸ ತಂಡ ಕಟ್ಟೋ ವಿಭಾಗ.”

ನಿಶಿವಾಕಿಯ ಕಣ್ಣು ತುಂಬಿ ಬಂತು. ಹೆಂಡತಿಗೆ ಈಗಲೇ ಹೇಳಬೇಕು ಅನ್ನಿಸಿತು. “ಅಲ್ಲಿ ನನ್ನ ಕೆಲಸ ಏನು ಸರ್?”

“ಫೋನ್ ಮಾಡೋದು. ಈಗ್ಲೇ ಶುರುಮಾಡಿ. ಮೊದಲು ಆ ಓಯಾಮ.”

ನಿಶಿವಾಕಿ ನಂಬರ್ ಒತ್ತಿದ. ಮೊದಲ ರಿಂಗಿಗೇ ಓಯಾಮ ಎತ್ತಿದ. “ಹೇಳಿ ನಿಶಿವಾಕಿ ಸಾನ್, ಇನ್ನೇನು ಬಿಟ್ಟುಹೋಯ್ತು?”

“ನಾಳೆ ಬೆಳಿಗ್ಗೆ... ಸೂಟ್ ಹಾಕ್ಕೊಂಡು ಆಫೀಸಿಗೆ ಬನ್ನಿ.”

ಆ ಕಡೆ ಗಹಗಹಿಸಿ ನಗು. “ನನ್ನ ಹತ್ರಾನೇ ತಮಾಷೇನಾ! ಫೋಟೋ ತೆಗೆಸೋಕೆ ತಾನೇ? ಇರಿ, ಊರಿಂದ ಅಮ್ಮನ್ನೂ ಕರೆಸ್ತೀನಿ.”

“ಓಯಾಮ ಸಾನ್, ಸ್ವಲ್ಪ ಕೇಳಿ...”

ಓಯಾಮ ಆಗಲೇ ಫೋನನ್ನು ಕಿವಿಯಿಂದ ದೂರ ಹಿಡಿದು ಮಹಡಿಯ ಕಡೆ ಕೂಗುತ್ತಿದ್ದ. “ಲೋ, ಎಲ್ಲರೂ ಸೂಟ್ ಇಸ್ತ್ರಿ ಮಾಡ್ಕೊಳ್ರೋ! ನಾಳೆ ಅಂಗಿಯವರು ಫೋಟೋ ತೆಗೆಸ್ತಾರಂತೆ!”