ಜಿರಾಫೆಗೆ ಅಡ್ಡ ಬಂದ ಮಿರಗಾ ಮಳೆ

ನಮ್ಮ ಭಾವ ಕಳೆದ ಐದು ವರ್ಷಗಳಲ್ಲಿ ಹನ್ನೊಂದು ಸಲ ಆಫ್ರಿಕಾಕ್ಕೆ ಹೊರಟಿದ್ದಾರೆ. ಹನ್ನೊಂದು ಸಲವೂ ಲಂಡನ್ನಿನ ತಮ್ಮ ಹ್ಯಾರೋ ಬಡಾವಣೆ ದಾಟಿಲ್ಲ! ಆದರೂ ಸೆರೆಂಗೆಟಿಯಲ್ಲಿ ಯಾವ ತಿಂಗಳು ಯಾವ ಪ್ರಾಣಿ ಯಾವ ಮೂಲೆಯಲ್ಲಿ ಮೇಯುತ್ತದೆ ಎಂದು ಅವರನ್ನು ಕೇಳಿ ನೋಡಿ. ಆ ಪ್ರಾಣಿಗೇ ಅಷ್ಟು ಖಚಿತವಾಗಿ ಗೊತ್ತಿರಲಿಕ್ಕಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂಲತಃ ವಿಜಯಪುರದವರು. ಲಂಡನ್ನಿಗೆ ಬಂದು ಮೂವತ್ತು ವರ್ಷ ಬಸ್ಸುಗಳ ವೇಳಾಪಟ್ಟಿ ತಯಾರಿಸುವ ಕೆಲಸ ಮಾಡಿ ನಿವೃತ್ತರಾದರು. ಆದರೆ ಮನುಷ್ಯ ನಿವೃತ್ತನಾದನೆಂದು ವೇಳಾಪಟ್ಟಿ ಸುಮ್ಮನಿರುತ್ತದೆಯೇ? ಅವರ ಫ್ರಿಜ್ಜಿನ ಮೇಲೆ ಕಸದ ಗಾಡಿ ಬರುವ ದಿನಗಳ ಕೌನ್ಸಿಲ್ ಪಟ್ಟಿ ಒಂದಿದೆ. ಅದರ ಪಕ್ಕದಲ್ಲೇ, ಭಾವ ಕಿಟಕಿಯಲ್ಲಿ ಗಡಿಯಾರ ಹಿಡಿದು ನಿಂತು ತಯಾರಿಸಿದ ‘ಕಸದ ಗಾಡಿ ನಿಜವಾಗಿ ಬರುವ ಪಟ್ಟಿ’ ಇನ್ನೊಂದಿದೆ. ನಾನಿರುವ ಪಕ್ಕದ ಬಡಾವಣೆ ಕಿಂಗ್ಸ್‌ಬರಿಯಿಂದ ಅವರ ಮನೆಗೆ ಹೋದಾಗಲೆಲ್ಲ ಬಾಗಿಲು ತೆರೆದು ಮೊದಲು ಹೇಳುವುದು “ಏಳು ನಿಮಿಷ ಲೇಟ್” ಎಂದು. ಆಮೇಲೆ “ಬಾ ತಂಗಿ”.

ಅವರದೊಂದು ಸಿದ್ಧಾಂತವಿತ್ತು. ಚಹಾ ಕುಡಿಯುವಾಗೆಲ್ಲ ಅದನ್ನು ನಮ್ಮ ಮುಂದೆ ಸುರಿಯುತ್ತಿದ್ದರು. “ಬಸ್ ತಪ್ಪಿದ್ರ ಜನಾ ಅಳಂಗಿಲ್ಲ ತಂಗಿ. ಮುಂದಿನ ಬಸ್ ಯಾವಾಗ ಅಂತ ಬೋರ್ಡಿನ್ಯಾಗ ಇರಲಿಲ್ಲಂದ್ರ ಅಳ್ತಾರ.” ನಾನು “ಹೂಂ ಭಾವ” ಎಂದು ಬಿಸ್ಕೀಟು ಅದ್ದಿಕೊಳ್ಳುತ್ತಿದ್ದೆ. ಬಸ್ಸಿನವರ ವೇದಾಂತ ಯಾರಿಗೆ ಬೇಕು?

ಈ ಆಫ್ರಿಕಾದ ಗೀಳು ಶುರುವಾದದ್ದು ಆಸ್ಪತ್ರೆಯಲ್ಲಿ. ಐದು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಅಕ್ಕನ ಹೊಟ್ಟೆಯೊಳಗಿನ ಗಡ್ಡೆಯೊಂದನ್ನು ತೆಗೆದರು. ಹೆಸರು ಹೇಳಲು ನಮ್ಮ ಮನೆಯಲ್ಲಿ ಯಾರೂ ಇಷ್ಟಪಡದ ಜಾತಿಯ ಗಡ್ಡೆ. ಆಪರೇಷನ್ನಿಗೆ ಕರೆದೊಯ್ಯುವ ಮೊದಲು ವಾರ್ಡಿನ ಟೀವಿಯಲ್ಲಿ, ಸದ್ದಿಲ್ಲದೆ, ಜಿರಾಫೆಯೊಂದು ನೀರಿನ ಹೊಂಡದ ಹತ್ತಿರ ಬಂದು ನಿಂತಿತ್ತಂತೆ. ಇನ್ನೇನು ಬಗ್ಗಬೇಕು, ಅಷ್ಟರಲ್ಲಿ ಅಕ್ಕನ ಮಂಚವನ್ನು ತಳ್ಳಿಕೊಂಡು ಹೋಗಿಬಿಟ್ಟರು. ಎಚ್ಚರವಾದಾಗ ಅವಳ ಮೊದಲ ಮಾತು, “ಅದು ನೀರು ಕುಡೀತೇನು?”

ಅರಿವಳಿಕೆಯ ಅಮಲು ಅಂದುಕೊಂಡೆವು. ಮರುದಿನವೂ ಅದೇ ಮಾತು. “ಅಷ್ಟುದ್ದ ಕಾಲು, ಅಷ್ಟುದ್ದ ಕುತ್ತಿಗಿ. ನೆಲದಾಗಿನ ನೀರು ಹ್ಯಾಂಗ ಕುಡೀತದ? ಅದನ್ನ ಒಮ್ಮೆ ಕಣ್ಣಾರೆ ನೋಡಬೇಕು ನೋಡ್ರಿ.” ನನ್ನ ಮಗಳು ಕೂಡಲೇ ಮೊಬೈಲ್ ತೆಗೆದು, “ದೊಡ್ಡಮ್ಮ, ಐ ಕ್ಯಾನ್ ಶೋ ಯೂ ರೈಟ್ ನೌ” ಎಂದಳು. ಭಾವ ಹದ್ದಿನಂತೆ ಎರಗಿ ಮೊಬೈಲ್ ಕಿತ್ತುಕೊಂಡರು. “ಹಾಂಗೆಲ್ಲಾ ತೋರಸಬ್ಯಾಡ! ನಾ ಕರಕೊಂಡ ಹೋಗಿ ತೋರಸ್ತೀನಿ. ಪ್ಲಾನ್ ಮಾಡ್ತೀನಿ.”

ಅಯ್ಯೋ, ಆ ಪ್ಲಾನು!

ಮನೆಯ ಚಿಕ್ಕ ಕೋಣೆಯ ಗೋಡೆ ತುಂಬ ಒಂದು ಪಟ್ಟಿ ಎದ್ದಿತು. ಮೇಲೆ ಹನ್ನೆರಡು ತಿಂಗಳು, ಪಕ್ಕದಲ್ಲಿ ಕೀನ್ಯಾದಿಂದ ಬೋಟ್ಸ್ವಾನಾದವರೆಗೆ ಕಾಡುಗಳು. ಹೋಗಬಹುದಾದ ತಿಂಗಳಿಗೆ ಹಸಿರು ಚೀಟಿ, ಹೋಗಬಾರದ್ದಕ್ಕೆ ಕೆಂಪು. ಅಷ್ಟಾಗಿದ್ದರೆ ಒಳ್ಳೆಯದೇ ಇತ್ತು. ಆದರೆ ತಿಂಗಳುಗಳ ಕೆಳಗೆ ಭಾವ ಇನ್ನೊಂದು ಸಾಲು ಎಳೆದು ನಮ್ಮ ಮಳೆ ನಕ್ಷತ್ರಗಳನ್ನು ಬರೆದಿದ್ದರು. ಮಿರಗಾ, ಆರಿದ್ರಾ, ಪುನರ್ವಸು, ಆಶ್ಲೇಷಾ, ಮಘಾ, ಹುಬ್ಬಾ! ವಿಜಯಪುರದ ಹೊಲದಲ್ಲಿ ಬಿತ್ತುವ ಲೆಕ್ಕ ಹಿಡಿದು ಟಾಂಜಾನಿಯಾದಲ್ಲಿ ಜಿರಾಫೆ ಹುಡುಕುವವರನ್ನು ನೀವು ಕಂಡಿದ್ದೀರಾ?

“ಜೂನ್‌ನ್ಯಾಗ ಹ್ಯಾಂಗ ಹೋಗೂದು? ಮಿರಗಾ ಕೂಡ್ತದ. ಮಳಿ ಹಿಡೀತಂದ್ರ ಜೀಪು ಕೆಸರಿನ್ಯಾಗ. ಆಗಸ್ಟ್ ಅಂದ್ರ ಮಘಾ. ಕೇಳಬ್ಯಾಡ!” ಹೀಗೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಎಲ್ಲಾ ಕೆಂಪು. ಮಾರ್ಚಿನಿಂದ ಮೇವರೆಗೆ ಅಲ್ಲಿ ನಿಜವಾಗಿಯೇ ದೊಡ್ಡ ಮಳೆಗಾಲ, ಆದ್ದರಿಂದ ಅದೂ ಕೆಂಪು. ನವೆಂಬರಿನಲ್ಲಿ ಅಲ್ಲಿ ಚಿಕ್ಕ ಮಳೆ, ಕೆಂಪು. ಅಕ್ಟೋಬರಿನಲ್ಲಿ ನವರಾತ್ರಿ, ಘಟಸ್ಥಾಪನೆ ಮಾಡಿದ ಮನೆಯಲ್ಲಿ ನಂದಾದೀಪ ಬಿಟ್ಟು ಹೋಗುವುದುಂಟೇ? ಡಿಸೆಂಬರಿಗೆ ಧನುರ್ಮಾಸ.

“ಹಂಗಾದ್ರ ಜನವರಿ, ಫೆಬ್ರವರಿ?” ಎಂದೆ ನಾನು. ಆ ಎರಡು ತಿಂಗಳು ಮಾತ್ರ ಎಲ್ಲ ಪಂಚಾಂಗಗಳಿಂದಲೂ ತಪ್ಪಿಸಿಕೊಂಡಿದ್ದವು.

ಭಾವ ನನ್ನನ್ನು ಕರುಣೆಯಿಂದ ನೋಡಿದರು. “ಆಗ ಸೆರೆಂಗೆಟಿಯೊಳಗ ವೈಲ್ಡ್‌ಬೀಸ್ಟ್ ಅನ್ನೂ ಜಿಂಕಿಗೋಳು ಮರಿ ಹಾಕ್ತಾವ. ಲಕ್ಷಗಟ್ಟಲೆ ಬಾಣಂತ್ಯಾರು! ಇಡೀ ಕಾಡಿಗೆ ಪುರುಡು. ಪುರುಡಿನ ಮನಿಗೆ ಹ್ಯಾಂಗ ಹೋಗ್ತೀ?”

ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಕ್ಕ ಮಾತ್ರ ಹಾಸಿಗೆಯಲ್ಲಿ ಒರಗಿಕೊಂಡು, ಹೊಲಿಗೆ ಎಳೆಯುತ್ತದೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕಿಂಗ್ಸ್‌ಬರಿಯಲ್ಲಿ ಪ್ರವಾಸದ ಅಂಗಡಿಯೊಂದಿದೆ. ನಡೆಸುವಾಕೆ ನೈರೋಬಿಯಲ್ಲಿ ಹುಟ್ಟಿದ ಗುಜರಾತಿ. ಭಾವನನ್ನು ಅಲ್ಲಿಗೆ ಎಳೆದುಕೊಂಡು ಹೋದೆ. ಆಕೆ ಸಮಾಧಾನದಿಂದ ಹೇಳಿದಳು: ಅಂಕಲ್, ಜೂನಿನಿಂದ ಅಕ್ಟೋಬರ್ ಅಲ್ಲಿ ಒಣ ಹಂಗಾಮು, ಹುಲ್ಲು ಕುಳ್ಳಾಗಿರುತ್ತದೆ, ಪ್ರಾಣಿಗಳೆಲ್ಲ ನೀರಿಗೆ ಬಂದೇ ಬರುತ್ತವೆ, ನೋಡಲು ಅದೇ ಸರಿಯಾದ ಕಾಲ. ನಾನು ಅಲ್ಲೇ ಹುಟ್ಟಿ ಬೆಳೆದವಳು ಎಂದೂ ಸೇರಿಸಿದಳು. ಭಾವ ಹೊರಗೆ ಬಂದು, “ಹುಟ್ಟಿದವ್ರಿಗೆ ಹವಾಮಾನ ತಿಳೀತದೇನು? ಇದೇ ಊರಾಗ ಹುಟ್ಟಿದ ಮಂದಿ ದಿನಾ ಛತ್ರಿ ಮನ್ಯಾಗ ಬಿಟ್ಟು ತೊಯಿಸಿಕೊಂಡು ಬರ್ತಾರ” ಎಂದುಬಿಟ್ಟರು. ನಾನೂ ಆವತ್ತು ಛತ್ರಿ ತಂದಿರಲಿಲ್ಲ.

ಸೆರೆಂಗೆಟಿಯಲ್ಲಿ ಆ ಹಿಂಡುಗಳೆಲ್ಲ ಮೇವು ಹುಡುಕಿ ನದಿ ದಾಟುವ ಮಹಾವಲಸೆಯ ಬಗ್ಗೆಯೂ ಅವರಿಗೆ ವೃತ್ತಿಪರ ಅಸಮಾಧಾನವಿತ್ತು. “ನದಿ ದಂಡ್ಯಾಗ ಮೂರು ದಿನಾ ಕೂತ್ರೂ ಒಂದೂ ಬರಂಗಿಲ್ಲ, ಆಮ್ಯಾಲೆ ಎಲ್ಲಾ ಒಮ್ಮೇಲೆ! ಇಂಥಾ ಸರ್ವಿಸ್ ನಾ ಕೊಟ್ಟಿದ್ರ ನನ್ನ ನೌಕರಿ ಹೋಗತಿತ್ತು.” ಬೋಟ್ಸ್ವಾನಾದ ಒಕವಾಂಗೋ ನದಿಯಲ್ಲಿ ಎಲ್ಲೋ ದೂರದ ಬೆಟ್ಟದಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ಹರಿದು, ಅಲ್ಲಿಯ ಒಣ ಕಾಲದಲ್ಲಿ ನೆರೆಯಾಗಿ ಬರುತ್ತದೆ ಎಂದು ಗೊತ್ತಾದಾಗ ಮಾತ್ರ ಕೊಂಚ ಮೃದುವಾದರು. “ಲೇಟಾಗಿ ಬಂದ್ರೂ ಬರ್ತದಲಾ” ಎಂದರು.

ವರ್ಷಕ್ಕೆರಡು ಸಲ ಆ ಅಂಗಡಿಯಲ್ಲಿ ದಿನ ಗೊತ್ತುಮಾಡುವುದು, ದಿನ ಹತ್ತಿರ ಬಂದಾಗ ಕೆಂಪು ಚೀಟಿ ತೋರಿಸಿ ರದ್ದು ಮಾಡುವುದು ನಡೆದೇ ಇತ್ತು. ಈ ನಡುವೆ ತಾಲೀಮುಗಳೂ ನಡೆದವು. ಸಫಾರಿಯ ಪುಟ್ಟ ವಿಮಾನಕ್ಕೆ ಮೆತ್ತನೆಯ ಚೀಲವೇ ಆಗಬೇಕು, ತೂಕವೂ ಮಿತಿಯಲ್ಲಿರಬೇಕು ಎಂದು ಓದಿ, ಭಾವ ಬಚ್ಚಲಿನ ತೂಕದ ಯಂತ್ರದ ಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ತೂಗಿದರು. ಮೆತ್ತನೆಯ ಚೀಲದಲ್ಲಿ ಖಡಕ್ ರೊಟ್ಟಿ! ಚೀಲ ಬಿಚ್ಚಿದಾಗ ರೊಟ್ಟಿ ಹೋಗಿ ಜೋಳದ ಹಿಟ್ಟು ವಾಪಸ್ ಬಂದಿತ್ತು. ಕಡುನೀಲಿ ಬಣ್ಣ ಕಂಡರೆ ಅಲ್ಲಿಯ ನೊಣ ಕಚ್ಚುತ್ತದಂತೆ ಎಂದು ಅಕ್ಕನ ನೀಲಿ ಇಳಕಲ್ ಸೀರೆಗಳು ಅಟ್ಟ ಸೇರಿದವು. ಒಮ್ಮೆ ಬೆಳಗಿನ ಐದಕ್ಕೆ ಅಕ್ಕನನ್ನೂ ನನ್ನನ್ನೂ ಕಾರಿನಲ್ಲಿ ಕೂರಿಸಿ, ಪಾರ್ಕಿನ ಬದಿಯಲ್ಲಿ ನಿಲ್ಲಿಸಿ, “ಮಾತಾಡಬ್ಯಾಡ್ರಿ, ಪ್ರಾಣಿ ಬರ್ತಾವ” ಎಂದರು. ಮುಕ್ಕಾಲು ಗಂಟೆಯ ಮೇಲೆ ನರಿಯೊಂದು ಬಂದು ಯಾರದೋ ಕಸದ ಬುಟ್ಟಿಯಿಂದ ಕೋಳಿಯ ಕಾಲು ಎಳೆದುಕೊಂಡು ಹೋಯಿತು. ಭಾವ ಗಡಿಯಾರ ನೋಡಿ ಸಮಯ ಬರೆದುಕೊಂಡರು.

ಇದೆಲ್ಲ ನಗುವಿನ ಮಾತು ನಿಜ. ಆದರೆ ಅಕ್ಕನಿಗೆ ಪ್ರತಿವರ್ಷ ಜೂನಿನಲ್ಲಿ ತಪಾಸಣೆ ಇರುತ್ತಿತ್ತು. ಐದು ವರ್ಷ ಹಾಗೆ ನೋಡಬೇಕು, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಒಂದೊಂದು ಜೂನ್ ಬಂದಾಗಲೂ ನಾನು ಫೋನು ಬಿಟ್ಟು ಅಲುಗುತ್ತಿರಲಿಲ್ಲ. ಅಕ್ಕ ಬಿಟ್ಟರೆ ಈ ಊರಿನಲ್ಲಿ ನನಗೆ ತವರು ಎಂಬುದಿಲ್ಲ. ಕನ್ನಡದವರ ಕೂಟಗಳಲ್ಲಿ ಹೆಂಗಸರು ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ, “ಪಾಪ, ಅವರ ಆಸೆ ತೀರಿಸಿಬಿಡೋಕೆ ಹೇಳಿ ನಿಮ್ಮ ಭಾವಂಗೆ” ಎನ್ನುತ್ತಿದ್ದರು. ಈ ಮನುಷ್ಯನೋ, ಚೀಟಿ ಅಂಟಿಸುತ್ತ ಕೂತಿದ್ದಾನೆ! ನನಗೆ ಸಿಟ್ಟು ಬರದೆ ಇರುತ್ತದೆಯೇ?

ಈ ವರ್ಷ ಯುಗಾದಿಯ ದಿನ ಆ ಸಿಟ್ಟು ಉಕ್ಕಿಯೇ ಬಿಟ್ಟಿತು. ಬೇವು ಬೆಲ್ಲ ತಿಂದ ಬಾಯಲ್ಲೇ ಕೂಗಾಡಿದೆ. “ಹನ್ನೊಂದು ಸಲ ರದ್ದು ಮಾಡೀರಿ ಭಾವ! ನಾಳೆ ಹೆಚ್ಚುಕಮ್ಮಿ ಆದ್ರ? ಆಕಿ ಕೊನೀ ಆಸೆ ಅಂತನಾದ್ರೂ ತಿಳಕೊಂಡು ಕರಕೊಂಡು ಹೋಗ್ರಿ!”

ಭಾವ ತಟ್ಟೆ ಎತ್ತಿಕೊಂಡು ಹೋಗಿ ತೊಳೆದರು. ವಾಪಸ್ ಬಂದು, “ಜೂನ್ ಆಗಲಿ” ಎಂದರು.

“ಜೂನಿಗೆ ಮತ್ತ ಮಿರಗಾ ಅಂತೀರಿ!”

“ಹೌದು. ಮಿರಗಾ ದಾಟಲಿ.”

ಎರಡು ತಿಂಗಳು ನಾನು ಅವರೊಂದಿಗೆ ಮಾತು ಬಿಟ್ಟೆ.

ಜೂನಿನಲ್ಲಿ ಐದನೆಯ ತಪಾಸಣೆ. ಫಲಿತಾಂಶದ ದಿನ ಮೂವರೂ ಹೋದೆವು. ಡಾಕ್ಟರಮ್ಮ ಕಂಪ್ಯೂಟರನ್ನು ನೋಡುತ್ತ ಕೂತಿದ್ದು ಒಂದು ನಿಮಿಷವಿರಬಹುದು, ನನಗೆ ಯುಗವಾಯಿತು. ಆಮೇಲೆ ತಿರುಗಿ ನಕ್ಕು, ಎಲ್ಲಾ ಸ್ವಚ್ಛವಾಗಿದೆ ಎಂದರು. ಭಾವ ಕಿಸೆಯಿಂದ ಡೈರಿ ತೆಗೆದು, ಅಭ್ಯಾಸಬಲದಿಂದ, “ನೆಕ್ಸ್ಟ್ ಅಪಾಯಿಂಟ್‌ಮೆಂಟ್?” ಎಂದು ಕೇಳಿದರು.

“ದೇರ್ ಈಸ್ ನೋ ನೆಕ್ಸ್ಟ್ ಒನ್.”

ಮೂವತ್ತು ವರ್ಷ ‘ಮುಂದಿನದು’ ಯಾವಾಗ ಎಂದು ಬರೆದ ಮನುಷ್ಯ ಪೆನ್ನು ಹಿಡಿದು ಸುಮ್ಮನೆ ಕೂತರು. ಕಾರ್ ಪಾರ್ಕಿಗೆ ಬಂದ ಮೇಲೆ ಫುಟ್‌ಪಾತಿನ ಅಂಚಿನಲ್ಲಿ ಕೂತು, ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. ನನಗೋ ಐದು ವರ್ಷದಿಂದ ಹಿಡಿದಿಟ್ಟ ಉಸಿರು ಒಂದೇ ಸಲ ಹೊರಬಂದ ಹಾಗಾಗಿ, ಯಾರದೋ ಕಾರಿಗೆ ಒರಗಿ ಅಳುತ್ತ ನಗುತ್ತ ನಿಂತೆ. ಆ ಕಾರಿನ ಅಲಾರಾಂ ಹೊಡೆದುಕೊಂಡಿತು.

ಅಲ್ಲಿಂದ ಭಾವ ಕಾರು ತಿರುಗಿಸಿದ್ದು ಮನೆಗಲ್ಲ, ನೇರ ಕಿಂಗ್ಸ್‌ಬರಿಯ ಆ ಪ್ರವಾಸದ ಅಂಗಡಿಗೆ. ಆಕೆ ಇವರನ್ನು ನೋಡಿ ಹಣೆ ಒತ್ತಿಕೊಂಡು, “ಯಾವ ತಿಂಗಳು, ಅಂಕಲ್?” ಎಂದಳು. ಭಾವ ಪರ್ಸಿನಿಂದ ಮಡಿಕೆಗಳೆಲ್ಲ ಸವೆದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಟಾಂಜಾನಿಯಾದ ತರಂಗಿರೆ ಕಾಡು. ಆಗಸ್ಟ್, ಏಳು ರಾತ್ರಿ. ‘ಒಣ ಹಂಗಾಮು. ಸುತ್ತಲಿನ ಹೊಂಡಗಳು ಬತ್ತಿರುತ್ತವೆ. ನದಿಯೊಂದೇ ನೀರು. ಜಿರಾಫೆ ಬಂದೇ ಬರುತ್ತದೆ.’ ಕೆಳಗೆ ಹಾಕಿದ್ದ ತಾರೀಖು ಅಕ್ಕನ ಆಪರೇಷನ್ ಆದ ವಾರದ್ದು!

“ಭಾವ! ಆಗಸ್ಟಿಗೆ ಮಘಾ ಮಳಿ ಅಂತಿದ್ರಿ?”

“ಅಲ್ಲೆಲ್ಲಿ ಮಘಾ ಮಳಿ? ಅಷ್ಟೂ ಗೊತ್ತಾಗಂಗಿಲ್ಲೇನು ನನಗ?” ಎಂದರು ಭಾವ, ನನ್ನ ಕಡೆ ನೋಡದೆ. “ನೀವೆಲ್ಲಾ ಅದಕ್ಕ ಕೊನೀ ಆಸೆ ಅಂತ ಹೆಸರಿಟ್ಟಿದ್ರಿ. ಅಡಗಿಮನ್ಯಾಗ ಪಿಸುಗುಡೂದು ನನಗ ಕೇಳಸ್ತಿತ್ತು. ಕೊನೀ ಆಸೆ ತೀರಿಸಿದ ಮ್ಯಾಲೆ ಮನಷ್ಯಾಗ ಇಲ್ಲಿ ಮತ್ತೇನು ಕೆಲಸ ಉಳೀತದ ತಂಗಿ? ಅದಕ್ಕ ನಾ ಆಕಿಗೆ ಪ್ರತಿ ವರ್ಷ ಮುಂದಿನ ವರ್ಷಾ ಅಂತ ಒಂದು ಇಟ್ಟೆ. ಅಷ್ಟ.”

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಕ್ಕನ ಕಡೆ ತಿರುಗಿ, “ನಿನಗ ಗೊತ್ತಿತ್ತೇನು?” ಎಂದೆ.

“ಗೊತ್ತಿಲ್ದೇನು? ಹುಬ್ಬಾ ಮಳಿ ಆಫ್ರಿಕಾದಾಗ ಬೀಳ್ತದ ಅಂದ್ರ ನಂಬಲಿಕ್ಕೆ ನನಗ ಹೊಟ್ಟಿ ಆಪರೇಷನ್ ಆಗಿತ್ತೋ, ತಲೀದೋ?”

ಆಗಸ್ಟಿನಲ್ಲಿ ಹೋದರು. ಹಿಟ್ಟಾದರೂ ಆಗಲಿ ಎಂದು ರೊಟ್ಟಿ ಕಟ್ಟಿಕೊಂಡೇ ಹೋದರು. ನಾಲ್ಕನೆಯ ದಿನ ನಾನು ಸ್ಟೇಷನ್ನಿನಿಂದ ಹೊರಬರುತ್ತಿದ್ದಾಗ ಅಕ್ಕನ ಫೋನು. ದನಿ ಚಿಕ್ಕ ಹುಡುಗಿಯದಾಗಿತ್ತು.

“ನೋಡಿದೆ! ಮುಂದಿನ ಎರಡೂ ಕಾಲು ಅಗಲಾ ಮಾಡಿ, ಅಗಲಾ ಮಾಡಿ, ಇನ್ನೇನು ಬಿದ್ದಬಿಡ್ತದ ಅನಬೇಕು, ಹಾಂಗ ಬಗ್ಗಿ ಕುಡೀತವ್ವಾ! ನಿಮ್ಮ ಭಾವ ಟೈಮ್ ಬರಕೊಂಡಾರ.”

“ಮತ್ತ ಸಿಂಹ?”

ಅಕ್ಕ ನಕ್ಕಳು. “ಇವತ್ತು ಮುಂಜಾನೆ ಡ್ರೈವರ್ ಅಂದಾ, ಆ ಮರದ ಹಿಂದ ಎರಡು ಸಿಂಹ ಮಲಗ್ಯಾವ, ಐದು ನಿಮಿಷದ ದಾರಿ ಅಂತ. ಜೀಪಿನ್ಯಾಗ ನಾವಿಬ್ಬರ. ಇವರು ಗಾಡಿ ತಿರುಗಸು ಅಂದಬಿಟ್ರು. ಆ ಡ್ರೈವರ್ ಬಾಯಿ ತೆರದಾಂವ ಇನ್ನೂ ಮುಚ್ಚಿಲ್ಲ.”

“ಯಾಕ ತಿರುಗಿಸಿದ್ರಂತ?”

“ಸಿಂಹ ಮುಂದಿನ ವರ್ಷಕ್ಕ ಇರಲಿ ಅಂದ್ರು.”