ಸೆರಗು ನೋಡಿ ಓದಿದ ಕಾದಂಬರಿ

ರಬಕವಿ ಪೇಟೆಯಲ್ಲಿ ಇಪ್ಪತ್ತೈದು ವರ್ಷ ಸೀರೆ ಮಾರಿದವನು ನಾನು. ಇಡೀ ಸೀರೆ ಬಿಚ್ಚಿ ನೋಡುವುದು ಹೊಸಬರ ಲಕ್ಷಣ. ಅಂಚು ನೋಡಿ, ಸೆರಗು ನೋಡಿ, ಸೀರೆಯ ಗುಣ ಹೇಳಿಬಿಡುವವನೇ ಖರೆ ವ್ಯಾಪಾರಿ. ಈ ಘನ ಸಿದ್ಧಾಂತವನ್ನು ಪುಸ್ತಕಕ್ಕೂ ಹಚ್ಚಲು ಹೋಗಿ ನಾನು ಮಣ್ಣು ಮುಕ್ಕಿದೆ.

ನಿವೃತ್ತ ಹೆಡ್‌ಮಾಸ್ತರ ಪಾಂಡುರಂಗರಾಯರು ಒಂದು ದಿನ ಅಂಗಡಿಗೆ ಬಂದರು.

"ಗೌರೀಶಪ್ಪಾರ, ಬರೂ ಶನಿವಾರ-ಐತವಾರ ಅಂಗಡಿಗೆ ಸೂಟಿ ಕೊಡ್ರಿ. ಚಿಕ್ಕಪಡಸಲಗಿ ಬ್ಯಾರೇಜ್ ಹತ್ರ ನಮ್ಮ ತೋಟದಾಗ ಹತ್ತು ಮಂದಿ ಕೂಡಾಕತ್ತೇವಿ. ಎಲ್ಲಾರೂ ಒಂದ ಕಾದಂಬರಿ ಓದ್ಕೊಂಡು ಬರೂದು, ಬೇವಿನ ಗಿಡದ ಬುಡಕ ಕುಂತು ಚರ್ಚಾ ಮಾಡೂದು."

ನಾನು ಮೊದಲು ಕೇಳಿದ್ದು ಊಟದ ವಿಚಾರ. ಶೇಂಗಾ ಹೋಳಿಗೆ ಎಂದರು. ಸಾಹಿತ್ಯದ ಮೇಲೆ ನನಗೆ ಆ ಕ್ಷಣವೇ ಅಪಾರ ಒಲವು ಹುಟ್ಟಿತು.

ಮನೆಗೆ ಹೋಗಿ ಹೆಂಡತಿ ರಾಜಶ್ರೀಗೆ ಈ ಸುದ್ದಿ ಹೇಳಬೇಕೆಂದರೆ, ಆಕೆ ಒಂದು ಫಾರ್ಮ್ ಹಿಡಿದುಕೊಂಡು ನಿಂತಿದ್ದಳು. (ಪ್ರತಿ ವರ್ಷವೂ ಹೀಗೇ ಹಿಡಿಯುತ್ತಾಳೆ. ಬಿ.ಎ.ಗೆ ಹೆಸರು ಹಚ್ಚಿದ ವರ್ಷವೇ ನಮ್ಮ ಮದುವೆಯಾಗಿ ಆಕೆಯ ಓದು ನಿಂತಿತು. ಮನೆಯಲ್ಲಿದ್ದುಕೊಂಡೇ ಅದನ್ನು ಮುಗಿಸಬೇಕೆಂಬುದು ಆಕೆಯ ಆಸೆ.)

"ಮುಂದಿನ ಸೋಮವಾರ ಕಡೀ ತಾರೀಖ್ರಿ. ಐತವಾರಕ್ಕೊಮ್ಮೆ ಜಮಖಂಡಿಗೆ ಕ್ಲಾಸಿಗೆ ಹೋದ್ರಾತು."

"ಐತವಾರ ಮನ್ಯಾಗ ರೊಟ್ಟಿ ಯಾರು ಬಡೀತಾರ? ಈ ವರ್ಷ ಸೀಜನ್ ಭಾಳ ಐತಿ. ಮುಂದಿನ ವರ್ಷ ನೋಡೂಣಂತ."

ಆಕೆ ಫಾರ್ಮ್ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು.

ಮುನ್ನೂರ ನಲವತ್ತು ಪುಟದ ಕಾದಂಬರಿ ಬಂತು. ಮೊದಲ ಪುಟ ಓದಿದೆ, ಹೊಳೆ ಹರಿಯುತ್ತಿತ್ತು. ಕೊನೆಯ ಪುಟ ಓದಿದೆ, ಯಾರೋ ಅಳುತ್ತಿದ್ದರು. ಅಂಚೂ ಆಯಿತು, ಸೆರಗೂ ಆಯಿತು. ಮುಖಪುಟದ ಮೇಲೊಂದು ದೋಣಿಯಿತ್ತು. ಸೀರೆಯ ಮೇಲೆ ನವಿಲಿದ್ದ ಮಾತ್ರಕ್ಕೆ ಸೀರೆ ಕೂಗುತ್ತದೆಯೇ ಎಂದು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಉಳಿದ ಒಡಲನ್ನು ರಾಜಶ್ರೀಗೆ ಒಪ್ಪಿಸಿದೆ. ಆಕೆ ಎರಡೇ ದಿನಕ್ಕೆ ಓದಿ ಮುಗಿಸಿದಳು.

"ಮಧ್ಯಾಹ್ನ ನಾ ಉಣ್ಣಾಕ ಕುಂತಾಗ ಒಂದಿಷ್ಟು ಕಥಿ ಹೇಳ್ಲೇ" ಎಂದೆ.

ಹೇಳಿದಳು, ನಾಲ್ಕು ಮಧ್ಯಾಹ್ನ. ಹರ್ಷದಾ ಎಂಬ ಜಾಣ ಹುಡುಗಿ. ಗಂಡ ಕಾಳಿನ ವ್ಯಾಪಾರಿ. ಆಕೆ ಓದುತ್ತೇನೆಂದಾಗೆಲ್ಲ ಅವನದು ಒಂದೇ ಮಾತು: ಸುಗ್ಗಿ ಮುಗಿಯಲಿ, ಮುಂದಿನ ವರ್ಷ ನೋಡೋಣ. ಹಾಗೆಯೇ ಇಪ್ಪತ್ತೊಂದು ವರ್ಷ! ನಾನು ರೊಟ್ಟಿ ಮುರಿಯುತ್ತಲೇ ಸಿಟ್ಟಿಗೆದ್ದೆ.

"ಎಂಥಾ ಗಂಡಲೇ ಅವ!"

"ಹೌದಲ್ರೀ? ಇನ್ನೊಂದು ರೊಟ್ಟಿ ಹಾಕ್ಲೇನ್ರಿ?"

ಶನಿವಾರ ತೋಟದಲ್ಲಿ ಎಲ್ಲರೂ ಜಮಖಾನೆಯ ಮೇಲೆ ಕೂತೆವು, ನನ್ನ ಜೊತೆ ಬಂದಿದ್ದ ರಾಜಶ್ರೀಯೂ. ಮಾಸ್ತರು "ಮೊದಲು ಯಾರು?" ಎನ್ನುವಷ್ಟರಲ್ಲಿ ನಾನೇ ಎದ್ದೆ.

"ಆ ಗಂಡಗ ಬುದ್ಧಿ ಅನ್ನೂದ ಇಲ್ರಿ! ಮುಂದಿನ ವರ್ಷ, ಮುಂದಿನ ವರ್ಷ ಅಂತಾನಲ್ಲ, ಅವನ ಮನ್ಯಾಗ ಕ್ಯಾಲೆಂಡರ್ ಇಲ್ಲೇನು? ನಾ ಅವನ ಜಾಗಾದಾಗ ಇದ್ದಿದ್ರ, ನನ್ನ ಕೈಲೇ ಫಾರ್ಮ್ ತುಂಬ್ತಿದ್ದೆ. ಆಕಿ ಕ್ಲಾಸಿಗೆ ಹೋದ ದಿನ ನಾನ ರೊಟ್ಟಿ ಬಡೀತಿದ್ದೆ!"

ಚಪ್ಪಾಳೆ ಬೀಳಲಿಲ್ಲ. ಮುಧೋಳದಿಂದ ಬಂದಿದ್ದ ಕುಮುದಿನಿಬಾಯಿ ಕನ್ನಡಕ ಸರಿಮಾಡಿಕೊಂಡು ಪುಟ ತಿರುವಿದರು.

"ಇದು ಯಾವ ಪುಟದಾಗ ಐತ್ರಿ? ಇದು ಅಂಬಿಗರ ಕಥಿ. ಇದರಾಗ ಅಂಥಾ ಗಂಡನ ಇಲ್ಲಲ್ರಿ."

ನಾನು ರಾಜಶ್ರೀಯತ್ತ ನೋಡಿದೆ.

"ಕಥಿ ಹೇಳು ಅಂದ್ರಿ, ಹೇಳಿದೆ. ಪುಸ್ತಕದ್ದು ಅಂತ ನಾ ಯಾವಾಗ ಅಂದೆ?"

ಆಮೇಲೆ ನನಗೆ ಹೊಳೆಯಿತು. ಕಾಳಿನ ವ್ಯಾಪಾರಿ, ಸುಗ್ಗಿ, ಇಪ್ಪತ್ತೊಂದು ವರ್ಷ; ನಮ್ಮ ಮದುವೆಯಾಗಿಯೂ ಅಷ್ಟೇ ವರ್ಷ. ಕಿವಿ ಬಿಸಿಯಾದವು. ನಾಲ್ಕು ದಿನ ಈಕೆ ತನ್ನ ಸಂಕಟವನ್ನು ನನ್ನ ತಾಟಿಗೇ ಬಡಿಸಿದ್ದಳು, ನಾನು ಚಪ್ಪರಿಸಿ ಉಂಡು ಕೈ ತೊಳೆದುಕೊಂಡಿದ್ದೆ. ಬಹಳ ನಾಚಿಕೆಯಾಯಿತು.

ರಾಜಶ್ರೀ ಬ್ಯಾಗಿನಿಂದ ಫಾರ್ಮ್ ತೆಗೆದಳು. ಮಾಸ್ತರು ಪೆನ್ನು ಕೊಟ್ಟರು. ಹತ್ತು ಜನ ಸಾಹಿತ್ಯಾಸಕ್ತರ ದಿವ್ಯ ಸನ್ನಿಧಿಯಲ್ಲಿ ನಾನು ಬರೆಯತೊಡಗಿದೆ. 'ಓದು ನಡುವೆ ನಿಂತಿದ್ದರೆ ಕಾರಣ' ಎಂಬಲ್ಲಿ ಪೆನ್ನು ನಿಂತಿತು.

"ಏನು ಬರೀಲೇ?"

"ಈಗರ ಎಲ್ಲಾರ ಮುಂದ ಹೇಳಿದ್ರಲ್ಲ, ಅದನ್ನ."

'ಕೌಟುಂಬಿಕ ಕಾರಣ' ಎಂದು ಬರೆದೆ. (ಆ ಕಾರಣಕ್ಕೆ ಆಗ ಹೊಟ್ಟೆ ಹಸಿದಿತ್ತು. ಆದರೂ ಹೋಳಿಗೆ ರುಚಿಸಲಿಲ್ಲ.)

ಈಗ ಐತವಾರವೆಂದರೆ ರಾಜಶ್ರೀ ಜಮಖಂಡಿ ಬಸ್ಸಿನಲ್ಲಿ, ನಾನು ಹಿಟ್ಟು ನಾದುವ ಕೊಣಮಿಗಿಯ ಮುಂದೆ. ಜೋಳದ ಹಿಟ್ಟು ಕೈಗೆ ಹತ್ತುತ್ತದೆ, ಮೂಗಿಗೆ ಹತ್ತುತ್ತದೆ, ಹಂಚಿಗೆ ಮಾತ್ರ ಹೋಗುವುದಿಲ್ಲ. ಮೊನ್ನೆ ಆಕೆ ಕ್ಲಾಸಿನಿಂದ ಬಂದು, ಮೂರು ತುಂಡಾಗಿದ್ದ ರೊಟ್ಟಿಯನ್ನು ಉಣ್ಣತೊಡಗಿದಳು.

"ಛಲೋ ಆಗ್ಯಾವ್ರಿ. ಮುಂದಿನ ವರ್ಷ ಇನ್ನೂ ಛಲೋ ಆಗ್ತಾವ."

"ಮುಂದಿನ ವರ್ಷಾನೂ ನಾನ ಬಡೀಬೇಕೇನು?"

"ಬಿ.ಎ. ಮೂರು ವರ್ಷ ಅಲ್ರೀ" ಎಂದು ಆಕೆ ಮತ್ತೊಂದು ತುಂಡು ಮುರಿದುಕೊಂಡಳು.